ಮಾಮಾನ ಗಲ್ಲದ ತುಣುಕು

ಕೂತಲ್ಲಿ ಕೂತು, ಬಂದದ್ದು ಬರಲಿ ಎಂದು ಕಾಯುವ ಶಕ್ತಿಯನ್ನು ದೇವರು ಕೆಲವರಿಗೆ ಧಾರಾಳವಾಗಿ ಹಂಚಿರುತ್ತಾನೆ. ನನ್ನ ಪಾಳಿ ಬರುವಷ್ಟರಲ್ಲಿ ಅದು ತೀರಿಹೋಗಿತ್ತೆಂದು ಕಾಣುತ್ತದೆ. ಬಸ್ಸು ತಡವಾದರೆ ನಾನು ಮುಂದಿನ ಸ್ಟಾಪಿಗೆ ನಡೆಯತೊಡಗುತ್ತೇನೆ. ಎರಡು ಸ್ಟಾಪುಗಳ ನಡುವೆ ಬಸ್ಸು ನನ್ನ ಮುಖಕ್ಕೆ ಧೂಳೆಬ್ಬಿಸಿ ಹೋಗಿಬಿಡುತ್ತದೆ. ಅನ್ನ ಬೇಯುವಾಗ ಮುಚ್ಚಳ ತೆಗೆದು ತೆಗೆದು ನೋಡಿ ಅವ್ವನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ಮಾತ್ರ ಕಾಯುವುದೇ ಮುಖ್ಯವಾದ ಕೆಲಸವನ್ನು. ಎಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯಲ್ಲಿ ಕ್ಯಾನ್ಸರ್ ಸಂಶೋಧನೆಯ ಒಂದು ಪ್ರಯೋಗಶಾಲೆಯಲ್ಲಿ ಟೆಕ್ನಿಶಿಯನ್ ಆಗಿದ್ದೆ.

ಟೆಕ್ನಿಶಿಯನ್ ಎಂದರೆ ಡಾಕ್ಟರಲ್ಲ, ಕಂಪೌಂಡರನೂ ಅಲ್ಲ. ತಂಬಾಕು ಅಗಿಯುವವರ ಬಾಯಿ ಹೇಗೆ ಕೆಡುತ್ತದೆ ಎಂಬುದು ನಮ್ಮ ಸಂಶೋಧನೆ. ಅದರ ಜೊತೆಗೆ ಆಸ್ಪತ್ರೆಯ ಬೇರೆ ರೋಗಿಗಳ ತುಣುಕುಗಳೂ ನಮ್ಮಲ್ಲಿಗೇ ಬರುತ್ತಿದ್ದವು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಯಂತ್ರದಲ್ಲಿ ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಆ ಪದರನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಂಡು ಬಣ್ಣ ಹಾಕುವವನು ನಾನು. ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಕ್ಯಾನ್ಸರ್, ಇದು ಅಲ್ಲ ಎನ್ನುವವರು ದೊಡ್ಡ ಡಾಕ್ಟರು. ನಮ್ಮ ವೈದಿಕ ಮನೆತನದಲ್ಲಿ ಈ ಕೆಲಸವನ್ನು ಬಾಯಿಬಿಟ್ಟು ಹೇಳುವ ಹಾಗೇ ಇರಲಿಲ್ಲ. ನಮ್ಮೂರು ಬೈಲಹೊಂಗಲಕ್ಕೆ ಹೋದರೆ ಅವ್ವ ನನ್ನನ್ನು ಹಿತ್ತಲ ಬಾಗಿಲಿನಿಂದ ಕರೆದು, ತಲೆಯ ಮೇಲೆ ನೀರು ಸುರಿಸಿಯೇ ಒಳಗೆ ಬಿಡುತ್ತಿದ್ದಳು. ಓಣಿಯವರು ಕೇಳಿದರೆ, "ಸೀನ್ಯಾ ಬೆಳಗಾಂವ್ಯಾಗ ಮೇಣದ ಕಾರಖಾನ್ಯಾಗ ಇದ್ದಾನ" ಎನ್ನುತ್ತಿದ್ದಳು. ಹಾಗೆ ನೋಡಿದರೆ ಅದು ಪೂರ್ತಿ ಸುಳ್ಳಲ್ಲ.

ಸವದತ್ತಿಯಲ್ಲಿದ್ದ ನನ್ನ ಸೋದರಮಾವನಿಗೆ ಮಾತ್ರ ಈ ಮೇಣದ ಕಥೆ ನಡೆಯಲಿಲ್ಲ. ಮಾಮಾ ನವಿಲುತೀರ್ಥದ ಅಣೆಕಟ್ಟಿನ ಆಫೀಸಿನಲ್ಲಿ ಗುಮಾಸ್ತ. ಅವನ ಮಗಳು ಸುಶೀಲಾ ನನಗೇ ಎಂದು ಅವ್ವ ನಾವು ಸಣ್ಣವರಿದ್ದಾಗಲೇ ನಿಶ್ಚಯ ಮಾಡಿದ್ದಳು, ನಾನಂತೂ ಅದಕ್ಕಿಂತ ಮೊದಲೇ ಮಾಡಿದ್ದೆ. ಮಾಮಾ ಮಾತ್ರ ಒಪ್ಪಲಿಲ್ಲ. "ಹುಡುಗ ಛಲೋ ಇದ್ದಾನ ಅಕ್ಕಾ, ನೌಕರಿನೂ ಕಾಯಂ ಅದ. ಆದ್ರ ದಿನಾ ರೋಗಿಷ್ಟ ಮಂದಿ ಮಾಂಸ ಕೊಯ್ಯೋ ಕೈಯಾಗ ನನ್ನ ಮಗಳ ಕೈ ಹ್ಯಾಂಗ ಇಡ್ಲಿ?" ಎಂದುಬಿಟ್ಟ. ಹೀಗೆ ಹೇಳುವಾಗಲೂ ಅವನ ಗಲ್ಲದಲ್ಲಿ ತಂಬಾಕಿನ ಉಂಡೆ ಇತ್ತು.

ಆ ಗಲ್ಲದ ಒಳಗೆ ಒಂದು ಬಿಳಿ ಮಚ್ಚೆ ಎದ್ದಾಗ ಅದನ್ನು ಮೊದಲು ಕಂಡವನೂ ನಾನೇ. ಕೈಕಾಲು ಹಿಡಿದು ಅವನನ್ನು ಬೆಳಗಾವಿಗೆ ಕರೆತಂದೆ. ಆಸ್ಪತ್ರೆಯ ಡಾಕ್ಟರು ಒಂದು ಚೂರು ತೆಗೆದು ನಮ್ಮ ಪ್ರಯೋಗಶಾಲೆಗೆ ಕಳಿಸಿದರು, ಮಾಮಾ ಊರಿಗೆ ಮರಳಿದ. ಶನಿವಾರ ಆ ಚೂರು ಮೇಣದಲ್ಲಿ ಕೂತು ನನ್ನ ಮೇಜಿಗೇ ಬಂತು. ಸಾವಿರಾರು ಮಂದಿಯ ಚೂರುಗಳನ್ನು ಉಪ್ಪಿನಕಾಯಿ ಹೋಳಿನಷ್ಟೇ ನಿರ್ವಿಕಾರವಾಗಿ ಕೊಯ್ದ ನಾನು ಅವತ್ತು ಚೀಟಿಯ ಮೇಲಿನ ಹೆಸರನ್ನು ಮೂರು ಸಲ ಓದಿದೆ. ಹೇಗೋ ಕೊಯ್ದೆ, ಬಣ್ಣ ಹಾಕಿದೆ. ದೊಡ್ಡ ಡಾಕ್ಟರು ಸೋಮವಾರದವರೆಗೆ ಊರಲ್ಲಿರಲಿಲ್ಲ. ಸುಮ್ಮನಿರುವವನಾಗಿದ್ದರೆ ಬೀಗ ಹಾಕಿಕೊಂಡು ಕೋಣೆಗೆ ಹೋಗುತ್ತಿದ್ದೆ. ನಾನು ಮುಚ್ಚಳ ತೆಗೆದು ನೋಡುವ ಜಾತಿ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಗಾಜಿನ ಮೂಲೆಯಲ್ಲಿದ್ದ ಒಂದು ತುಣುಕಿನಲ್ಲಿ ಕರಿ ಕರಿ, ಅಡ್ಡಾದಿಡ್ಡಿ ಜೀವಕೋಶಗಳು. ಇಷ್ಟು ವರ್ಷ ಡಾಕ್ಟರ ಹೆಗಲ ಹಿಂದೆ ನಿಂತು ಕಲಿತ ಅರೆಬರೆ ವಿದ್ಯೆ ಒಂದೇ ಮಾತು ಹೇಳಿತು: ಮಾಮಾನ ಕಥೆ ಮುಗಿಯಿತು.

ಆ ರಾತ್ರಿ ಹೇಗೆ ಕಳೆಯಿತೋ. ರವಿವಾರ ಮೊದಲ ಬಸ್ಸಿಗೆ ಸವದತ್ತಿಗೆ ಹೊರಟೆ. ಏನೂ ಹೇಳಬಾರದು, ಸುಮ್ಮನೆ ನೋಡಿಕೊಂಡು ಬರಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಆಣೆ ಹಾಕಿಕೊಂಡೆ. ಮಾಮಾ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ಸುಣ್ಣ, ತಂಬಾಕು ತಿಕ್ಕುತ್ತಿದ್ದ. ನಾನು ಕೂತೆ, ಎದ್ದೆ, ನೀರು ಕುಡಿದೆ, ಹಿತ್ತಲಿಗೆ ಹೋಗಿ ಬಂದೆ. "ಕಾಲ ಸುಟ್ಟ ಬೆಕ್ಕಿನಂಗ ಯಾಕ ತಿರಗಲಿಕ್ಹತ್ತೀಯೋ?" ಎಂದ ಮಾಮಾ. ಊಟಕ್ಕೆ ಮಾಮಿ ಹೋಳಿಗೆ ಮಾಡಿದ್ದಳು. ಸಮಾಧಾನದ ಒಂದು ಮಾತಾದರೂ ಆಡೋಣವೆಂದು ನಾನು, "ಇನ್ನೊಂದು ಹೋಳಗಿ ಹಾಕ್ಕೋರಿ ಮಾಮಾ. ಏನೇನು ತಿನಬೇಕು ಅನಸ್ತದ, ಎಲ್ಲಾ ತಿಂದುಬಿಡ್ರಿ" ಎಂದೆ.

ಮಾಮಾನ ಕೈ ತುಪ್ಪದ ಮೇಲೆಯೇ ನಿಂತಿತು. "ತಿಂದುಬಿಡ್ರಿ ಅಂದ್ರ?" ನನ್ನ ಹಾಳು ಮುಖವೇ ಎಲ್ಲ ಹೇಳಿಬಿಟ್ಟಿತು. ಮಾಮಾ ಎದ್ದು ಕೈ ತೊಳೆದ. ತಂಬಾಕಿನ ಡಬ್ಬಿ ತೆಗೆದು ಹಿತ್ತಲ ತಿಪ್ಪೆಗೆ ಎಸೆದ. ಆಮೇಲೆ ಮಾಮಿಯನ್ನು ಕರೆದು, "ಬರೂ ತಿಂಗಳ ಸುಶೀಲಾನ ಮದಿವಿ ಮುಗಿಸಿಬಿಡೂಣು. ಸೀನ್ಯಾಗ ಕೊಡತೇನಿ. ನಾ ಇದ್ದಾಗ ಆಗಿಹೋಗ್ಲಿ. ಕೊಯ್ಯೋ ಕೈ ಆದ್ರೇನು, ನಮ್ಮ ಅಕ್ಕನ ಮಗನ ಕೈ" ಎಂದ. ಬಾಗಿಲ ಹಿಂದೆ ನಿಂತಿದ್ದ ಸುಶೀಲಾಳ ಕಣ್ಣು ಕೆಂಪಾಗಿದ್ದವು. ನಾನು ಗಳಗಳ ಅತ್ತುಬಿಟ್ಟೆ. ದುಃಖ ನಿಜವಾಗಿತ್ತು. ಆದರೆ ಅದರೊಳಗೆ ಎಲ್ಲೋ ಸಂತೋಷವೂ ಸೇರಿತ್ತು, ಅದಕ್ಕೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ ದೊಡ್ಡ ಡಾಕ್ಟರು ಗಾಜು ನೋಡಿ, "ಇದನ್ನ ಕೊಯ್ದವರು ಯಾರು?" ಎಂದರು. "ನಾನ ಸರ್. ಅವರು ನಮ್ಮ ಮಾಮಾ. ಶನಿವಾರನ ನಾ ನೋಡೀನ್ರಿ, ಕ್ಯಾನ್ಸರ್ ಅದ" ಎಂದೆ. "ನಿಮ್ಮ ಮಾಮಾಗ ಗಲ್ಲದಾಗ ಹೊಟ್ಟಿ ಬೆಳದದ ಏನ್ರಿ?" ಎಂದರು. ಮೂಲೆಯಲ್ಲಿದ್ದದ್ದು ಜಠರದ ತುಣುಕು! ಒಬ್ಬರ ಚೂರು ಕೊಯ್ದು ಇನ್ನೊಬ್ಬರದಕ್ಕೆ ಕೈ ಹಾಕುವ ಮೊದಲು ನೀರಿನ ಮೇಲೆ ಕಾಗದ ಎಳೆದು, ತೇಲುವ ಚೂರುಪಾರು ಬಳಿದು ತೆಗೆಯಬೇಕು. ನಮ್ಮ ಕಸುಬಿನ ಮೊದಲ ಪಾಠ ಅದು. ಮಾಮಾನ ಚಿಂತೆಯಲ್ಲಿ ನಾನು ಅದನ್ನೇ ಮರೆತಿದ್ದೆ. ಅದಕ್ಕೂ ಮೊದಲು ಕೊಯ್ದ ಯಾರದೋ ಹೊಟ್ಟೆಯ ಎಳೆ ನೀರಲ್ಲಿ ತೇಲಿಬಂದು ಮಾಮಾನ ಗಲ್ಲದ ಪಕ್ಕದಲ್ಲಿ ಕೂತಿತ್ತು. "ನೋಡೂದು ನನ್ನ ಕೆಲಸ, ನೀರು ಬಳಿಯೂದು ನಿಮ್ಮ ಕೆಲಸ. ಎರಡೂ ನೀವ ಮಾಡಬ್ಯಾಡ್ರಿ, ಒಂದನ್ನ ನೆಟ್ಟಗ ಮಾಡ್ರಿ" ಎಂದು ಚೆನ್ನಾಗಿ ಬೈದು, ಹೊಸದಾಗಿ ಕೊಯ್ಯಿಸಿ ನೋಡಿದರು. ಕ್ಯಾನ್ಸರ್ ಇರಲಿಲ್ಲ. ಆದರೆ ಮಚ್ಚೆ ಒಳ್ಳೆಯದಲ್ಲ, ತಂಬಾಕು ಬಿಡಲೇಬೇಕು, ಆಗಾಗ ಬಂದು ತೋರಿಸಬೇಕು ಎಂದರು. ಕುಣಿಯಬೇಕೆನಿಸಿತು. ಆಮೇಲೆ ಆ ಹೊಟ್ಟೆ ಯಾರದೋ, ಈ ಸುದ್ದಿ ನಿಜವಾಗಿಯೇ ಯಾವ ಮನೆಗೆ ಹೋಗುತ್ತದೋ ಎಂದು ನೆನಪಾಗಿ ಸುಮ್ಮನಾದೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಂದಾಗ ಹೊಸ ಸಂಕಟ ಶುರುವಾಯಿತು. ಈಗಲೇ ಹೇಳಿದರೆ ಮಾಮಾ ಕೊಟ್ಟ ಮಾತು ವಾಪಸ್ಸು ಪಡೆಯುತ್ತಾನೆ, ಬಿಟ್ಟ ತಂಬಾಕನ್ನೂ ವಾಪಸ್ಸು ಹಿಡಿಯುತ್ತಾನೆ. ಒಂದು ತಿಂಗಳು ಸುಮ್ಮನಿದ್ದರೆ ಅವನ ಗಲ್ಲಕ್ಕೂ ಒಳ್ಳೆಯದು, ನನಗೂ ಒಳ್ಳೆಯದು. ಧರ್ಮಶಾಸ್ತ್ರವೆಲ್ಲ ನನ್ನ ಪರವಾಗಿಯೇ ವಾದ ಮಾಡುತ್ತಿತ್ತು. ಸವದತ್ತಿಯ ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಕೊನೆಗೆ, ಮಾಮಾ ರಾತ್ರಿಯೆಲ್ಲ ತೊಲೆ ನೋಡುತ್ತ ಮಲಗಿರುತ್ತಾನೆ ಎಂಬ ಚಿತ್ರ ತಡೆಯಲಾಗದೆ ಮೂರನೆಯದನ್ನು ಹತ್ತಿದೆ.

ಸುದ್ದಿ ಕೇಳಿ ಮಾಮಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಮಾಮಾ ನಾಲಿಗೆಯಿಂದ ಗಲ್ಲದ ಒಳಗೆ ಸವರಿ ನೋಡಿಕೊಂಡ. "ಹಂಗಾರ ನಾ ಸಾಯೂದಿಲ್ಲ?"

"ಸದ್ಯಾಕ್ಕ ಇಲ್ರಿ ಮಾಮಾ. ತಂಬಾಕು ಮಾತ್ರ ಬಿಡಬೇಕು."

"ಅದಿರಲಿ. ಮದಿವಿ ಮಾತು ಕೊಟ್ಟಾಂವ ಸಾಯೋ ಮನಷ್ಯಾ. ಬದಕೋ ಮನಷ್ಯಾಗ ವಿಚಾರ ಮಾಡ್ಲಿಕ್ಕೆ ಒಂದೀಟು ಟೈಮ್ ಬೇಕಾಗ್ತದ" ಎಂದವನ ಕಣ್ಣು ಹಿತ್ತಲ ಕಡೆ ತಿರುಗಿತು.

ಆಗ ಸುಶೀಲಾ ಬಾಗಿಲು ಬಿಟ್ಟು ಹೊರಗೆ ಬಂದಳು. "ಅಪ್ಪಾ, ಇವರು ಒಂದು ತಿಂಗಳು ಬಾಯಿ ಮುಚಗೊಂಡಿದ್ರ ಮದಿವಿ ಮುಗದಹೋಗತಿತ್ತು. ಅಷ್ಟೂ ತಿಳೀಲಿಲ್ಲ ಇವರಿಗೆ, ಸುದ್ದಿ ತಿಳಿದ ದಿನಾನ ಓಡಿ ಬಂದಾರ. ಸುಳ್ಳು ಹೇಳ್ಲಿಕ್ಕೆ ಬರದ ಗಂಡ ಮತ್ತೆಲ್ಲಿ ಸಿಗತಾನ? ನಿನ್ನ ಮಾತು ಮಾತಾಗೇ ಇರಲಿ, ಡಬ್ಬಿ ತಿಪ್ಯಾಗ ಇರಲಿ."

ಮಾಮಾ ಹಿತ್ತಲ ಕಡೆಯಿಂದ ಕಣ್ಣು ತಿರುಗಿಸಿ, ಪಂಚಾಂಗ ತರಲು ಮಾಮಿಗೆ ಹೇಳಿದ. ನಾನು ತಲೆ ತಗ್ಗಿಸಿ ಬಹಳ ವಿನಯದಿಂದ ನಿಂತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟ ಆ ಎರಡು ಬಸ್ಸುಗಳ ವಿಷಯ ಹೇಳಲು ಅದು ಸಮಯವಾಗಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಸಮಯ ಬಂದಿಲ್ಲ. ಮನೆಗೆ ನೆಂಟರು ಬಂದಾಗಲೆಲ್ಲ, "ನಮ್ಮ ಮನಿಯವರಿಗೆ ಸುಳ್ಳು ಹೇಳ್ಲಿಕ್ಕೇ ಬರೂದಿಲ್ಲ ನೋಡ್ರಿ" ಎಂದು ಅವಳು ಹೆಮ್ಮೆಯಿಂದ ಹೇಳುತ್ತಾಳೆ. ನಾನು ಪಕ್ಕದಲ್ಲಿ ಕೂತು ಹೌದೆಂದು ಗೋಣು ಹಾಕುತ್ತೇನೆ.