ಬಾಬ್‌ಕಟ್ ಹುಡುಗಿಯೂ ನನ್ನ ಖಾಯಂ ನೌಕರಿಯೂ

ಶಾಲೆಯಲ್ಲಿ ಕಲಿಸುವವರಿಗೆ ವಾರಕ್ಕೊಮ್ಮೆಯಾದರೂ ಎದೆ ಧಸಕ್ಕೆನ್ನುವ ಪ್ರಸಂಗ ಬಾರದಿದ್ದರೆ ಆ ವಾರ ಶಾಲೆಗೆ ರಜೆ ಇತ್ತೆಂದೇ ಅರ್ಥ. ನಾಗಪುರದಲ್ಲಿ ಹದಿನೆಂಟು ವರ್ಷ ವಿಜ್ಞಾನ ಕಲಿಸಿದೆ. ಪ್ರಯೋಗಶಾಲೆಗೆ ಹಾವು ಬಂದಾಗಲೂ ನಾನು ಸ್ಟೂಲು ಹತ್ತಲಿಲ್ಲ. ಆದರೆ ಮೊದಲನೇ ವರ್ಷ ಒಂದು ಜಪಾನಿ ಕಾರ್ಟೂನು ನನ್ನನ್ನು ಬೆಚ್ಚಿಬೀಳಿಸಿದಷ್ಟು ಇನ್ನಾವುದೂ ಬೀಳಿಸಿಲ್ಲ.

ಎರಡು ಸಾವಿರದ ಐದಾರರ ಮಾತು. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಯಿತು. ಇದ್ದ ಕೆಲಸ ಬಿಟ್ಟು, ಅತ್ತೆಯವರನ್ನು ಕರೆದುಕೊಂಡು ನಾನೂ ಬಂದೆ. ಸದರ್ ಬಡಾವಣೆಯ ಹತ್ತಿರ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಒಂದು ವರ್ಷ ಪ್ರೊಬೇಷನ್. ಮಾರ್ಚ್ ತಿಂಗಳಲ್ಲಿ ಪ್ರಿನ್ಸಿಪಾಲರು ಸಹಿ ಹಾಕಿದರೆ ಖಾಯಂ, ಹಾಕದಿದ್ದರೆ ಮನೆ. ಪ್ರಿನ್ಸಿಪಾಲರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಅವರು ನಕ್ಕದ್ದನ್ನು ನೋಡಿದವರು ಇಡೀ ಶಾಲೆಯಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಆ ವರ್ಷವೆಲ್ಲ ನಾನು ಉಸಿರು ಬಿಗಿಹಿಡಿದೇ ಪಾಠ ಮಾಡಿದೆ.

ಕಣ್ಣಿನ ಚಿತ್ರ

ಮೊದಲನೇ ಶಾಕ್ ಸಿಕ್ಕಿದ್ದು ಯೂನಿಟ್ ಟೆಸ್ಟಿನಲ್ಲಿ. ಒಂಬತ್ತನೇ ತರಗತಿಗೆ ಮನುಷ್ಯನ ಕಣ್ಣಿನ ಚಿತ್ರ ಬರೆಯಲು ಕೊಟ್ಟಿದ್ದೆ. ಪೇಪರು ತಿದ್ದಲು ಕೂತರೆ, ಹನ್ನೊಂದು ಪೇಪರಿನಲ್ಲಿ ಕಣ್ಣು ಅರ್ಧ ಪುಟದಷ್ಟು ದೊಡ್ಡದು! ರೆಪ್ಪೆ ಬೇರೆ ಉದ್ದುದ್ದ. ಪಾಪೆಯೊಳಗೆ ಎರಡು ಮೂರು ನಕ್ಷತ್ರ ಮಿನುಗುತ್ತಿವೆ. ಒಂದು ಕಣ್ಣಂತೂ ಅಂಚಿನಲ್ಲಿ ನೀರು ತುಂಬಿಕೊಂಡು ಈಗಲೋ ಆಗಲೋ ಅಳುವ ಹಾಗಿತ್ತು. ಅಳುವ ಡಯಾಗ್ರಾಮು ನಾನು ಅದುವರೆಗೆ ನೋಡಿರಲಿಲ್ಲ.

ಎರಡನೇ ಬೆಂಚಿನ ಹುಡುಗಿಯನ್ನು ಎಬ್ಬಿಸಿದೆ. ಅವಳ ತಂದೆ ಬೆಳಗಾವಿ ಕಡೆಯವರು, ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಇದೆಲ್ಲ ಎಲ್ಲಿಂದ ಬಂತೆಂದು ಕೇಳಿದರೆ, ಜಪಾನಿ ಕಾರ್ಟೂನಿನಲ್ಲಿ ಕಣ್ಣು ಹೀಗೇ ಇರುತ್ತವೆ ಎಂದಳು. ಅದು ಕಾರ್ಟೂನಾಯಿತು, ವಿಜ್ಞಾನದಲ್ಲಿ ಕಣ್ಣೊಳಗೆ ನಕ್ಷತ್ರ ಎಲ್ಲಿಂದ ಬರಬೇಕು ಎಂದು ಗದರಿದೆ.

"ಮೇಡಂ, ಬೆಳಕು ಕಣ್ಣೊಳಗ ಹೋಗ್ತೈತಿ ಅಂತ ನೀವೇ ಹೇಳಿದ್ರಲ್ಲ ರೀ," ಎಂದಳು. "ಇದು ಒಳಗ ಹೋಗಿರೋ ಬೆಳಕು."

ಪೂರ್ತಿ ಅಂಕ ಕೊಡದೆ ನನಗೆ ಬೇರೆ ದಾರಿ ಇರಲಿಲ್ಲ.

ತಪಾಸಣಾ ಸಮಿತಿ

ಇದಾದ ಹದಿನೈದು ದಿನಕ್ಕೆ ಪಿ.ಟಿ. ಸರ್ ಒಬ್ಬ ಹುಡುಗನ ಚೀಲದಿಂದ ಒಂದು ಸಿಡಿ ಹಿಡಿದರು. ಸೀತಾಬರ್ಡಿ ಪೇಟೆಯ ಫುಟ್‌ಪಾತಿನ ಮಾಲು. ಮೇಲೆ ಶಾಲೆ ಯೂನಿಫಾರ್ಮಿನ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತ ಚಿತ್ರ. ಪ್ರಿನ್ಸಿಪಾಲರು ಮೂವರ ಸಮಿತಿ ಮಾಡಿದರು: ಪಿ.ಟಿ. ಸರ್, ಮರಾಠಿ ಕಲಿಸುವ ಹಿರಿಯ ಬಾಯಿ (ಅಲ್ಲಿ ಟೀಚರಮ್ಮನಿಗೆ ಹಾಗೆನ್ನುತ್ತಾರೆ), ನಾನು. ನೋಡಿ ವರದಿ ಕೊಡಿ ಎಂದು ಹುಕುಂ.

ಮರಾಠಿ ಬಾಯಿ ಎಂದರೆ ಹುಡುಗಿಯರ ರಿಬ್ಬನ್ನಿನ ಅಗಲ ಅಳೆಯುವಂಥವರು. ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡು ಮೂವರೂ ಮುಖ ಸಿಂಡರಿಸಿಕೊಂಡೇ ಕೂತೆವು. ಕಥೆ ಇಷ್ಟೇ. ಒಬ್ಬ ಪೆದ್ದ ಹುಡುಗನಿಗೆ ಕ್ಲಾಸಿನ ಫಸ್ಟ್ ರ‍್ಯಾಂಕಿನವಳ ಮೇಲೆ ಮನಸ್ಸು. ಅವನ ಪಕ್ಕದ ಮನೆಯಲ್ಲಿ ಬಾಬ್‌ಕಟ್ ಮಾಡಿಸಿಕೊಂಡ ಒಬ್ಬ ಹುಡುಗಿ, ಚಿಕ್ಕಂದಿನಿಂದ ಜೊತೆಗೇ ಆಡಿದವಳು. ಅವಳಿಗೆ ಇವನ ಮೇಲೆ ಮನಸ್ಸು. ಬಾಯಿಬಿಟ್ಟು ಹೇಳುವುದಿಲ್ಲ, ದಿನಾ ಅವನಿಗೆ ಡಬ್ಬಿ ಕಟ್ಟುತ್ತಾಳೆ. ಆ ದಡ್ಡ ಡಬ್ಬಿ ತಿಂದು, ಮೂತಿ ಒರೆಸಿಕೊಂಡು, ಫಸ್ಟ್ ರ‍್ಯಾಂಕಿನವಳಿಗೆ ಕೊಡುವ ಪತ್ರವನ್ನು ಇವಳ ಕೈಯಲ್ಲೇ ಕಳಿಸುತ್ತಾನೆ!

ಅಷ್ಟರಲ್ಲಿ ಪಕ್ಕದಲ್ಲಿ ಸೊರ್ ಎಂಬ ಸದ್ದು. ತಿರುಗಿ ನೋಡಿದರೆ ಮರಾಠಿ ಬಾಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಆಚೆ ನೋಡಿದರೆ ಪಿ.ಟಿ. ಸರ್, ಆ ದಡ್ಡ ನನ್ನ ಪಿರಿಯಡ್ಡಿಗೆ ಬರಲಿ, ಮೈದಾನ ಹತ್ತು ಸುತ್ತು ಓಡಿಸುತ್ತೇನೆ ಎಂದು ಹಲ್ಲು ಕಡಿಯುತ್ತಿದ್ದರು.

ವರದಿಯನ್ನು ಬಾಯಿಯವರೇ ಬರೆದರು. ಸಿಡಿಯಲ್ಲಿ ಆಕ್ಷೇಪಾರ್ಹವಾದದ್ದು ಏನೂ ಇಲ್ಲ, ಆದರೆ ಬಾಬ್‌ಕಟ್ ಹುಡುಗಿಗೆ ಘೋರ ಅನ್ಯಾಯವಾಗಿದೆ, ತಪಾಸಣೆ ಪೂರ್ತಿಯಾಗಲು ಎರಡನೇ ಸಿಡಿಯನ್ನೂ ಆದಷ್ಟು ಜಲ್ದಿ ಜಪ್ತಿ ಮಾಡುವುದು ಅಗತ್ಯ.

ಅತ್ತೆಯವರ ಅಭಿಪ್ರಾಯ

ಮನೆಯವರೂ ಒಂದು ಸಲ ನೋಡಲೆಂದು ಆ ಸಿಡಿ ತಂದೆ. ಅತ್ತೆಯವರು ಕಾರ್ಟೂನಿನ ಹುಡುಗಿಯರ ಮೊಣಕಾಲುದ್ದದ ಸ್ಕರ್ಟು ನೋಡಿ ರಂಪ ಮಾಡುತ್ತಾರೆಂದು ಹೆದರಿದ್ದೆ. ಸ್ಕರ್ಟಿನ ಕಡೆ ಅವರ ಗಮನವೇ ಹೋಗಲಿಲ್ಲ. ಬಾಬ್‌ಕಟ್ ಹುಡುಗಿ ಶಾಲೆಗೆ ತಡವಾಯಿತೆಂದು ಬಾಯಲ್ಲಿ ಬ್ರೆಡ್ಡಿನ ತುಂಡು ಕಚ್ಚಿಕೊಂಡು ಓಡುವ ದೃಶ್ಯ ಬಂದದ್ದೇ ತಡ, ಎದೆ ಮೇಲೆ ಕೈಯಿಟ್ಟುಕೊಂಡರು.

"ಬ್ರೆಡ್ಡ ಕಚ್ಕೊಂಡ ಸಾಲಿಗೆ ಓಡಾಕತ್ತಾಳಲ್ಲ! ಕೂಡ್ರಿಸಿ ಒಂದ ರೊಟ್ಟಿ ಹಾಕೋರು ಯಾರೂ ಇಲ್ಲೇನ ಆ ಊರಾಗ?"

ಅಪ್ಪ ಅಮ್ಮ ಕೆಲಸಕ್ಕೆಂದು ಬೇರೆ ದೇಶದಲ್ಲಿದ್ದಾರೆ, ಮನೆಯಲ್ಲಿ ಅವಳೂ ಅವಳ ಅಣ್ಣನೂ ಇಬ್ಬರೇ ಎಂದು ಯಜಮಾನರು ಕೆಳಗಿನ ಇಂಗ್ಲಿಷ್ ಓದಿ ಹೇಳಿದರು. ಆ ಸಾಲು ಸಮಿತಿಯಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಮನೆಯಲ್ಲಿ ಅದು ಬಂದಾಗ ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದೆ. ಅತ್ತೆಯವರು ಇನ್ನಷ್ಟು ಹೌಹಾರಿದರು. ವಯಸ್ಸಿಗೆ ಬಂದ ಮಕ್ಕಳನ್ನು ಹೀಗೆ ಬಿಟ್ಟುಹೋಗುವ ತಂದೆತಾಯಿ ಎಂಥವರು ಎಂದು ಅರ್ಧ ಗಂಟೆ ಬೈದರು. ಇನ್ನು ಆ ಹುಡುಗ ಫಸ್ಟ್ ರ‍್ಯಾಂಕಿನವಳನ್ನು ಕಂಡಾಗಲೆಲ್ಲ ಅವನ ಗಲ್ಲದ ಮೇಲೆ ಕೆಂಪು ಗೆರೆ ಮೂಡುತ್ತಿದ್ದವು. ಮೂರನೇ ಸಲ ಮೂಡಿದಾಗ ಅತ್ತೆಯವರು ಟಿವಿ ಕಡೆ ಬೆರಳು ಮಾಡಿ ತೀರ್ಪು ಕೊಟ್ಟರು. ಅವನಿಗೆ ಪ್ರೀತಿಯೂ ಅಲ್ಲ, ಪ್ರೇಮವೂ ಅಲ್ಲ, ದಡಾರ ಎದ್ದಿದೆ.

ನೋಟ್‌ಬುಕ್ಕು ಸಿಕ್ಕಿತು

ಫೆಬ್ರವರಿಯ ಒಂದು ಮಧ್ಯಾಹ್ನ ಪಿ.ಟಿ. ಸರ್ ಖಾಕಿ ಕಾಗದದ ಹೊದಿಕೆಯ ಒಂದು ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ನುಗ್ಗಿದರು. ಒಂಬತ್ತನೇ ತರಗತಿಯಲ್ಲಿ ಬೆಂಚಿನ ಕೆಳಗಿಂದ ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಆ ಎರಡನೇ ಬೆಂಚಿನ ಹುಡುಗಿಯದೇ ಕೈಚಳಕ. ಮೂಲ ಕಾರ್ಟೂನಿನಲ್ಲಿ ಬದಿಗೆ ಬಿದ್ದ ಬಾಬ್‌ಕಟ್ ಹುಡುಗಿಯನ್ನು ಎತ್ತಿಕೊಂಡು, ಅವಳನ್ನು ಅಣ್ಣನ ಸಮೇತ ನಾಗಪುರಕ್ಕೆ ವರ್ಗ ಮಾಡಿಸಿ, ನಮ್ಮದೇ ಶಾಲೆಗೆ ಸೇರಿಸಿ, ಅವಳಿಗೊಂದು ಹೊಸ ಪ್ರೇಮಕಥೆ ಕಟ್ಟಿದ್ದಳು. ಮಕ್ಕಳು ಇದಕ್ಕೆ ಸ್ಪಿನ್-ಆಫ್ ಎನ್ನುತ್ತಿದ್ದರು. ನಮ್ಮ ಗೇಟು, ನಮ್ಮ ನಲ್ಲಿ, ನಮ್ಮ ಗುಲ್‌ಮೊಹರ್ ಮರ, ಎಲ್ಲ ಇದ್ದವು. ನಾವೂ ಇದ್ದೆವು!

ಪಿ.ಟಿ. ಸರ್ ಸಿಟ್ಟಿನಿಂದ ನಡುಗುತ್ತಿದ್ದರು. ತಮಾಷೆ ಮಾಡಿದ್ದಾಳೆಂದು ಸಿಟ್ಟಲ್ಲ. ಇಡೀ ಕಥೆಯಲ್ಲಿ ಅವರು ಬರುವುದು ಒಂದೇ ಚಿತ್ರದಲ್ಲಂತೆ, ಅದೂ ಬೆನ್ನು ಮಾತ್ರ. ಮರಾಠಿ ಬಾಯಿ ತಮ್ಮ ಚಿತ್ರವನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡಿದರು. ಅವಳು ಬಾಯಿಯವರ ಸೊಂಟ ಅರ್ಧಕ್ಕರ್ಧ ಕಡಿಮೆ ಮಾಡಿದ್ದಳು. ಹುಡುಗಿಯ ಕೈಯಲ್ಲಿ ಕಲೆ ಇದೆ ಎಂದರು.

ಆಮೇಲೆ ಬಾಯಿಯವರು ಕೊನೆಯ ಪುಟ ತೆಗೆದು ನನ್ನ ಮುಂದೆ ಹಿಡಿದರು. ಒಂದು ಗೇಣುದ್ದದ ಹೆಂಗಸು, ದೇಹಕ್ಕಿಂತ ತಲೆ ದೊಡ್ಡದು, ಹಣೆಯ ನರ ಉಬ್ಬಿದೆ, ಕಿವಿಯಿಂದ ಹೊಗೆ ಬರುತ್ತಿದೆ, ಕೈಯಲ್ಲಿ ಟೆಸ್ಟ್ ಟ್ಯೂಬು. ನನ್ನ ಮೈಯೆಲ್ಲ ಉರಿದುಹೋಯಿತು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಇಷ್ಟು ದೊಡ್ಡ ಕಥೆ ಬರೆಯುವವರೆಗೆ ಯಾವ ಟೀಚರಿಗೂ ಗೊತ್ತಾಗಲಿಲ್ಲವೇ, ಆ ಟೀಚರು ಕಣ್ಣುಮುಚ್ಚಿಕೊಂಡು ಕೂತಿದ್ದರೇ, ಹುಡುಗಿಗೆ ಟಿಸಿಯೇ ಸರಿ ಎಂದೆ. ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು. ಪುಸ್ತಕ ತೆಗೆದುಕೊಂಡು, ನಿಮ್ಮ ಮಾತು ಬರೋಬರ್ ಎಂದು ಹೇಳಿ ಹೊರಟುಹೋದರು.

ಹತ್ತು ನಿಮಿಷಕ್ಕೆ ನನಗೆ ಬುಲಾವು ಬಂತು. ಆ ಕಣ್ಣುಮುಚ್ಚಿಕೊಂಡ ಟೀಚರು ನಾನೇ ಆಗಿದ್ದೆ.

ಪ್ರಿನ್ಸಿಪಾಲರ ಕೋಣೆ

ಅದು ನನ್ನದೇ ವಿಜ್ಞಾನದ ಪ್ರಾಕ್ಟಿಕಲ್ ರೆಕಾರ್ಡು. ಆ ಪುಸ್ತಕದಲ್ಲಿ ಒಂದು ಪುಟ ಗೆರೆಯದು, ಅದರಲ್ಲಿ ಪ್ರಯೋಗ ಬರೆಯಬೇಕು. ಎದುರಿನ ಪುಟ ಬಿಳಿಯದು, ಅದರಲ್ಲಿ ಚಿತ್ರ. ಹುಡುಗಿ ಗೆರೆಯ ಪುಟದಲ್ಲಿ ಪ್ರಯೋಗವನ್ನು ನೀಟಾಗಿ ಬರೆದು, ಬಿಳಿ ಪುಟದಲ್ಲಿ ಇಂಗ್ಲಿಷಿನಲ್ಲೇ ಪ್ರೇಮಕಥೆ ಬರೆದಿದ್ದಳು. ಪ್ರತಿ ಶನಿವಾರ ನಲವತ್ತೆರಡು ರೆಕಾರ್ಡು ನನ್ನ ಮೇಜಿಗೆ ಬರುತ್ತಿದ್ದವು. ಮಕ್ಕಳು ಪುಟದ ಮೂಲೆ ಮಡಚಿ ಇಟ್ಟಿರುತ್ತಿದ್ದರು, ನಾನು ಪಕ್ಕದವರ ಜೊತೆ ಮಾತಾಡುತ್ತಾ ಕೆಂಪು ಪೆನ್ನಿನಲ್ಲಿ ಸರಸರನೆ ರೈಟು, ಸಹಿ, ತಾರೀಖು ಹಾಕುತ್ತಾ ಹೋಗುತ್ತಿದ್ದೆ. ಟೀಚರಾದವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ತಪ್ಪೆಂದು ಅಲ್ಲಿಯವರೆಗೆ ನನಗೆ ಅನ್ನಿಸಿಯೂ ಇರಲಿಲ್ಲ.

ಪ್ರಿನ್ಸಿಪಾಲರು ಒಂದೊಂದೇ ಪುಟ ತಿರುವಿದರು. ಕೊನೆಯದೊಂದು ಬಿಟ್ಟು ಪುಟಪುಟಕ್ಕೂ ನನ್ನ ಸಹಿ. ಬಾಬ್‌ಕಟ್ ಹುಡುಗಿ ಗುಲ್‌ಮೊಹರ್ ಮರದ ಕೆಳಗೆ ಮನಸ್ಸು ಬಿಚ್ಚಿ ಹೇಳುವ ಪುಟಕ್ಕೆ ‘ಉತ್ತಮ’ ಎಂದು ಬರೆದಿದ್ದೆ. ಒಂದೇ ಕೊಡೆಯಲ್ಲಿ ಇಬ್ಬರೂ ಹೋಗುವ ಪುಟಕ್ಕೆ ‘ಭಾಗಗಳನ್ನು ಗುರುತಿಸಿ’ ಎಂದು ಬರೆದಿದ್ದೆ. ಹುಡುಗಿ ವಿಧೇಯಳು, ಗುರುತಿಸಿದ್ದಳು. ಬಾಣ ಎಳೆದು ‘ಹುಡುಗನ ಕೈ’, ‘ಹುಡುಗಿಯ ಕೈ’, ‘ಕೊಡೆ’. ಅದಕ್ಕೂ ಮರುವಾರ ನಾನೇ ರೈಟು ಹಾಕಿದ್ದೆ.

ಹುಡುಗಿಯೂ ಅಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಕಳ್ಳತನವೇ ಇರಲಿಲ್ಲ. ಮೇಡಂ ಪ್ರತಿ ಶನಿವಾರ ಓದುತ್ತಿದ್ದರು, ಅವರು ಹೇಳಿದ ಹಾಗೆಲ್ಲ ತಿದ್ದಿದ್ದೇನೆ, ಅವರು ಉತ್ತಮ ಅಂದಿದ್ದಕ್ಕೇ ಮುಂದೆ ಬರೆದೆ ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಮಗು ಐದು ತಿಂಗಳಿಂದ ನನಗಾಗಿ ಬರೆಯುತ್ತಿತ್ತು.

ಪ್ರಿನ್ಸಿಪಾಲರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಓದಿ ಸಹಿ ಮಾಡಿದ್ದರೆ ಹುಡುಗಿಯ ತಪ್ಪಿಲ್ಲ, ತಪ್ಪು ನಿಮ್ಮದು. ಓದದೆ ಮಾಡಿದ್ದರೆ ಅವಳು ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾಳೆ, ನಾಳೆಯೇ ಟಿಸಿ ಕೊಡುತ್ತೇನೆ. ಯಾವುದು ನಿಜ?

ಓದಿದ್ದೇನೆ ಎಂದುಬಿಟ್ಟೆ. ನನ್ನ ಬಾಯಿಂದ ಬಂದ ಮಾತಿಗೆ ನಾನೇ ದಂಗಾದೆ.

ಹಾಗಾದರೆ ಹೇಳಿ ಎಂದರು ಪ್ರಿನ್ಸಿಪಾಲರು, ಈ ಹುಡುಗಿ ಕೊನೆಗೆ ಯಾರನ್ನು ಇಷ್ಟಪಡುತ್ತಾಳೆ? ತೆರೆದ ಪುಟದಲ್ಲಿ ಬಾಬ್‌ಕಟ್ ಹುಡುಗಿಯ ಪಕ್ಕ ಸೈಕಲ್ ಹಿಡಿದು ನಿಂತ ಸುಂದರನೊಬ್ಬ ಕಂಡ. ಧೈರ್ಯ ಮಾಡಿ ಅವನ ಮೇಲೆ ಬೆರಳಿಟ್ಟೆ. ಇವನೇ ಸರ್, ಮೊದಲನೇ ಪುಟದಿಂದಲೇ ಇವರಿಬ್ಬರ ಪ್ರೀತಿ ಎದ್ದು ಕಾಣುತ್ತದೆ ಎಂದೆ.

ಹುಡುಗಿ ನನ್ನನ್ನು ಉಳಿಸಲೆಂದು, ಪ್ರಿನ್ಸಿಪಾಲರಿಗೆ ತಿಳಿಯದಿರಲೆಂದು, ಕನ್ನಡದಲ್ಲಿ ಪಿಸುಗುಟ್ಟಿದಳು.

"ಮೇಡಂ, ಅಂವ ಆಕೀ ಅಣ್ಣ ರೀ."

ಅಣ್ಣಾ ಎಂದು ಕೂಗಿ ಇಡ್ಲಿ ತರಿಸಿಕೊಳ್ಳುವ ನಾಗಪುರದ ಪ್ರತಿಯೊಬ್ಬನಿಗೂ ಆ ಮಾತಿನ ಅರ್ಥ ಗೊತ್ತು, ಪ್ರಿನ್ಸಿಪಾಲರಿಗೂ.

ಪರೀಕ್ಷೆ

ಪ್ರಿನ್ಸಿಪಾಲರು ಆಗಲೂ ನಗಲಿಲ್ಲ. ಓದಿದ್ದೇನೆಂದು ನೀವೇ ಹೇಳಿದ ಮೇಲೆ ಟೀಚರ್ ಹೇಳಿದಂತೆ ಮಾಡಿದ ಹುಡುಗಿಗೆ ಟಿಸಿ ಇಲ್ಲ, ಹೊಸ ರೆಕಾರ್ಡು ಬರೆದರೆ ಸಾಕು ಎಂದರು. ಆಮೇಲೆ ನನ್ನ ಖಾಯಂ ಕಾಗದವನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟರು. ಈ ಪುಸ್ತಕ ಮನೆಗೆ ಒಯ್ದು ಓದಿ. ಶನಿವಾರ ಇದರ ಮೇಲೆ ಇಪ್ಪತ್ತೈದು ಅಂಕದ ಪರೀಕ್ಷೆ. ಪ್ರಶ್ನೆ ತೆಗೆಯುವವಳು ಇವಳು, ತಿದ್ದುವವಳೂ ಇವಳೇ. ಒಂಬತ್ತು ಬಂದರೆ ಸಹಿ ಹಾಕುತ್ತೇನೆ.

ಬಿ.ಎಡ್.ಗೂ ನಾನು ಅಷ್ಟು ಓದಿರಲಿಲ್ಲ. ಯಜಮಾನರು ಪ್ರಶ್ನೆ ಕೇಳುವುದು, ನಾನು ಉತ್ತರ ಹೇಳುವುದು. ಅತ್ತೆಯವರು ಚಿತ್ರ ನೋಡಿಯೇ ಇಡೀ ಕಥೆ ತಿಳಿದುಕೊಂಡು ನಡುನಡುವೆ ನನ್ನನ್ನು ತಿದ್ದುವುದು. ನನ್ನ ಚಿತ್ರ ಬಂದ ಪುಟಗಳನ್ನು ಮಾತ್ರ ಸಿಟ್ಟಿನಿಂದ ಬೇಗ ಬೇಗ ಮಗುಚಿದೆ.

ಶನಿವಾರ ಪ್ರಶ್ನೆಪತ್ರಿಕೆ ಕೈಗೆ ಬಂತು. ನಾಯಕಿಯ ಡಬ್ಬಿಯಲ್ಲಿ ಎಷ್ಟು ಚಪಾತಿ ಇದ್ದವು ಎಂದಿತ್ತು. ಎಣಿಸಿರಲಿಲ್ಲ. ಕೊನೆಯ ಪ್ರಶ್ನೆ ಹತ್ತು ಅಂಕದ್ದು: ‘ಕಾರಣ ಕೊಡಿ. ವಿಜ್ಞಾನ ಮೇಡಂ ಯಾವಾಗಲೂ ಸಿಡುಕುತ್ತಾರೆ.’ ಮಕ್ಕಳ ಅಶಿಸ್ತಿನ ಬಗ್ಗೆ ಒಂದೂವರೆ ಪುಟ ಬರೆದೆ.

ಹುಡುಗಿ ಪ್ರಿನ್ಸಿಪಾಲರ ಎದುರಿನಲ್ಲೇ ಕೂತು, ಒಂದಕ್ಷರ ಬಿಡದೆ ಓದಿ ತಿದ್ದಿದಳು. ಇಪ್ಪತ್ತೈದಕ್ಕೆ ಎಂಟು! ಕೊನೆಯ ಪ್ರಶ್ನೆಗೆ ಸೊನ್ನೆ, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಸರಿ ಉತ್ತರ: ‘ಮೇಡಂ ದೂರದ ಊರಿನಿಂದ ಬಂದಿದ್ದಾರೆ. ಇನ್ನೂ ಗೆಳತಿಯರಿಲ್ಲ. ಡಬ್ಬಿ ಒಬ್ಬರೇ ಉಣ್ಣುತ್ತಾರೆ. ಪುಟ ಇಪ್ಪತ್ತಮೂರು ನೋಡಿ.’

ನಲವತ್ತೆರಡು ಮಕ್ಕಳಲ್ಲಿ ನಾನು ಯಾರನ್ನೂ ಸರಿಯಾಗಿ ನೋಡಿರಲಿಲ್ಲ, ಇವಳು ನನ್ನ ಡಬ್ಬಿಯವರೆಗೆ ನೋಡಿದ್ದಳು. ನನ್ನ ಮುಖ ನೋಡಿ ಪ್ರಿನ್ಸಿಪಾಲರಿಗೂ ಏನನ್ನಿಸಿತೋ, ಆ ಕಲ್ಲಿನಂಥ ಮನುಷ್ಯ ಕೂಡ ಕರಗಿದರು. ಒಂದೇ ಅಂಕ ಕಡಿಮೆ ಬಿದ್ದಿದೆ, ಗ್ರೇಸ್ ಕೊಟ್ಟುಬಿಡು ಮಗಳೇ ಎಂದು ಪೆನ್ನಿನ ಕ್ಯಾಪು ತೆಗೆದು ಸಹಿಗೆ ಸಿದ್ಧವಾದರು.

ಹುಡುಗಿ ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟಳು. ನನ್ನ ಕಡೆ ತುಂಬಾ ಪ್ರೀತಿಯಿಂದ ನೋಡಿದಳು.

"ಬೇಡ ಸರ್," ಎಂದಳು. "ಒಂದು ಅಂಕ ಗ್ರೇಸ್ ಕೊಟ್ಟರೆ ಓದುವ ಅಭ್ಯಾಸ ಕೆಟ್ಟುಹೋಗುತ್ತದೆ ಅಂತ ಮೇಡಂ ಯಾವಾಗಲೂ ಹೇಳುತ್ತಾರೆ."

ಪ್ರಿನ್ಸಿಪಾಲರು ಪೆನ್ನಿನ ಕ್ಯಾಪು ಹಾಕಿ, ಮರುಪರೀಕ್ಷೆ ಸೋಮವಾರ ಹತ್ತು ಗಂಟೆಗೆ ಎಂದು ಡೈರಿಯಲ್ಲಿ ಬರೆದುಕೊಂಡರು.