ಅತ್ತಿ ಮರಕ್ಕೆ ಕವಣೆ ಬೀಸಿದ್ದು

ಎದುರಿಗೆ ನಿಂತವರಿಗೆ ‘ಇಲ್ಲ’ ಎನ್ನಲು ನನ್ನ ನಾಲಿಗೆ ಏಳುವುದೇ ಇಲ್ಲ. ಯಾರು ಏನು ಕೇಳಿದರೂ ‘ಹೂಂ’. ಈ ಗುಣದಿಂದ ಎಷ್ಟೋ ಸಲ ಪೇಚಿಗೆ ಸಿಕ್ಕಿದ್ದೇನೆ. ಆದರೆ ಒಂದು ಅತ್ತಿ ಮರದ ಜೀವಕ್ಕೇ ಕುತ್ತು ತಂದದ್ದು ಇದೇ ಮೊದಲು.

ಬೀದರಿನಲ್ಲಿ ನಮ್ಮ ಮನೆಯ ಹಿತ್ತಲೆಂದರೆ ಅರ್ಧ ಜೌಗು. ಬೇಸಿಗೆಯಲ್ಲೂ ಅಲ್ಲಿ ಕಾಲಿಟ್ಟರೆ ಚಪ್ಪಲಿಯ ಆಸೆ ಬಿಡಬೇಕು. ಆ ಕೆಸರಿನಲ್ಲಿ ಅತ್ತಿ ಮರ ಸುಖವಾಗಿ ಬೆಳೆದು ಪಕ್ಕದ ಚಾಂದಬಿಯವರ ಅಂಗಳಕ್ಕೂ ಕೊಂಬೆ ಚಾಚಿದೆ. ಹಣ್ಣಾಯಿತೆಂದರೆ ಹಗಲೆಲ್ಲ ಹಸಿರು ಪಾರಿವಾಳ, ಗೊರವಂಕ, ಕೋಗಿಲೆ. ಸಂಜೆಗೆ ಮಲಗಲು ಬೆಳ್ಳಕ್ಕಿಗಳ ದಂಡು. ಮಬ್ಬಾಗುತ್ತಲೇ ಬಾವಲಿಗಳು. ಎಲ್ಲರೂ ಉಣ್ಣುವುದು ಮರದ ಮೇಲೆ, ಕೈ ತೊಳೆಯುವುದು ಒಣಹಾಕಿದ ನಮ್ಮ ಬಟ್ಟೆಯ ಮೇಲೆ. ನಾನು ದಿನವೂ ಬಸ್ಸು ಹಿಡಿದು ಭಾಲ್ಕಿಯ ಆಫೀಸಿಗೆ ಹೋಗುವವನು. ಅಲ್ಲಿಯವರು ನಮಸ್ಕಾರಕ್ಕೂ ಮೊದಲು ನನ್ನ ಬೆನ್ನು ನೋಡುತ್ತಿದ್ದರು.

ಕೊನೆಗೆ ನನ್ನ ಹೆಂಡತಿ ಸುಮಿತ್ರಾ, ಭಾನುವಾರ ಔರಾದಿನಿಂದ ಮರ ಕಡಿಯುವವನು ಬರುತ್ತಾನೆ ಎಂದಳು. ಹೂಂ ಎಂದೆ. ಅದು ಕಿವಿಗೆ ಬಿದ್ದು ಚಾಂದಬಿ ಓಡಿ ಬಂದರು. ಉದುರಿದ ಅತ್ತಿಹಣ್ಣು ತಿಂದೇ ಅವರ ಎರಡು ಮೇಕೆ ಮೈತುಂಬಿಕೊಂಡಿದ್ದವು. ಕಡಿಸಬೇಡಿ ಭಾಯಿ ಎಂದರು. ಅವರಿಗೂ ಹೂಂ ಎಂದೆ. ಉಳಿದದ್ದು ಒಂದೇ ದಾರಿ: ಮರ ಉಳಿಯಬೇಕು, ಹಕ್ಕಿ ಹೋಗಬೇಕು.

ನಾನು ಹಲಬರ್ಗಾದಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟವೇರಿ ಕವಣೆ ಬೀಸಿ ಗಿಳಿ ಓಡಿಸಿದವನು. ಆ ಶೌರ್ಯವನ್ನು ಮದುವೆಯಾದಾಗಿನಿಂದ ಸುಮಿತ್ರಾಳಿಗೆ ಹೇಳುತ್ತಲೇ ಬಂದಿದ್ದೆ. ಶನಿವಾರ ಸಂಜೆ ಹಳೆಯ ಕವಣೆ ಹುಡುಕಿ, ಯಾರಿಗೂ ಪೆಟ್ಟಾಗದ ಹಾಗೆ ಮಣ್ಣಿನ ಸಣ್ಣ ಉಂಡೆಗಳನ್ನು ಮಾಡಿ ಮಾಳಿಗೆ ಹತ್ತಿದೆ.

ಮೊದಲ ಬೀಸಿಗೆ ಬೆಳ್ಳಕ್ಕಿಗಳು ಎದ್ದು, ಒಂದು ಸುತ್ತು ಹಾಕಿ, ಇನ್ನೂ ಒಳ್ಳೆಯ ಕೊಂಬೆ ನೋಡಿ ಕುಳಿತವು. ಹಸಿರು ಪಾರಿವಾಳಗಳಂತೂ ಎಲೆಯೊಳಗೆ ಎಲೆಯಾಗಿ ಕುಳಿತೇ ಇದ್ದವು. ಅಷ್ಟರಲ್ಲಿ ಮರದ ಪೊಟರೆಯಿಂದ ಪುಟ್ಟ ಬಾವಲಿಗಳು ಹೊರಬಿದ್ದವು. ಬೀಸಿದೆ. ಓಡಬೇಕಾದ ಬಾವಲಿ ತಿರುಗಿ ನನ್ನ ಉಂಡೆಯತ್ತಲೇ ಧುಮುಕಿತು! ಇನ್ನೊಂದು ಬೀಸಿದೆ, ಎರಡು ಬಂದವು. ಜೌಗಿನ ಮೇಲೆ ಹಾರುವ ಹುಳ ಹಿಡಿದು ಬದುಕುವ ಜೀವಗಳು. ಗಾಳಿಯಲ್ಲಿ ಹಾರಿದ್ದೆಲ್ಲ ಅವಕ್ಕೆ ಊಟ. ಹತ್ತಿರ ಬಂದು, ಇದು ಮಣ್ಣೆಂದು ತಿಳಿದು, ಸರ್ರನೆ ಹೊರಳಿ ಹೋಗುತ್ತಿದ್ದವು. ಆ ಚಂದಕ್ಕೆ ನಾನು ಬಂದ ಕೆಲಸವನ್ನೇ ಮರೆತೆ. ಆಮೇಲೆ ದೊಡ್ಡ ಬಾವಲಿಗಳೂ ಬಂದು ಹಣ್ಣಿಗೆ ಜೋತುಬಿದ್ದವು. ಸುಮಿತ್ರಾ, ಬಾ ಬಾ ಎಂದು ಕೂಗಿದೆ.

ಗೋಡೆಯಾಚೆಯಿಂದ ಚಾಂದಬಿ ಕೇಳಿದರು: “ಭಾಯಿ, ಹೊಡ್ದ ಓಡಸ್ಲಿಕತ್ತೀರೋ, ದಾವತ್ತಿನ ಊಟಕ್ಕ ಕರೀಲಿಕತ್ತೀರೋ?”

ಸುಮಿತ್ರಾ ಹಿಟ್ಟಿನ ಕೈಯಲ್ಲೇ ಮೇಲೆ ಬಂದಳು. ನೋಡಿದಳು. ಒಂದು ಉಂಡೆ ಎತ್ತಿ ಬರಿಗೈಯಿಂದ ಮೇಲಕ್ಕೆಸೆದಳು. ಮೂರು ಬಾವಲಿ ಬಂದವು. ನಿಮಗಿಂತ ಒಂದು ಹೆಚ್ಚು ಎಂದು ಅವಳು ನಕ್ಕ ನಗೆ ಕೇಳಿ ಎಷ್ಟು ದಿನವಾಗಿತ್ತೋ! ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬರುವವರೆಗೂ ಎಸೆದೆವು.

ಭಾನುವಾರ ಕೊಡಲಿಯವನು ಬಂದೇಬಿಟ್ಟ. ಅತ್ತ ಗೋಡೆಯ ಮೇಲೆ ಚಾಂದಬಿಯವರ ಮುಖ, ಇತ್ತ ಬಾಗಿಲಲ್ಲಿ ಸುಮಿತ್ರಾ. ನನ್ನ ನಾಲಿಗೆಯಂತೂ ಏಳಲಿಲ್ಲ. ಸುಮಿತ್ರಾ ಅವನಿಗೆ ಚಹಾ ಕೊಟ್ಟು, ನನ್ನತ್ತ ತಿರುಗಿ ಹೇಳಿದಳು: “ಗಿಡ ಇರ್ಲಿ. ಕಲಿ ಬಿದ್ದ ಅರಿವಿ ಇನ್ನ ಮುಂದ ನೀವಾ ಒಗೀರಿ.”

ಹೂಂ ಎಂದೆ.

ಈಗ ಭಾನುವಾರವೆಂದರೆ ನಾನು, ಒಗೆಯುವ ಕಲ್ಲು, ಸಾಬೂನು. ಕಲೆ ನೋಡಿಯೇ ಮಾಡಿದವರು ಯಾರೆಂದು ಹೇಳಬಲ್ಲೆ: ಬೆಳ್ಳಗೆ ಸುಣ್ಣದಂತಿದ್ದರೆ ಬೆಳ್ಳಕ್ಕಿ, ಕೆಂಪಗೆ ಬೀಜ ಅಂಟಿದ್ದರೆ ಬಾವಲಿ. ಹೋದ ವಾರ ಅಂಗಿಯ ಎದೆಯ ಮೇಲೆ ಕಂಡರಿಯದ ಹಸಿರು ಕಲೆಯೊಂದು ಸಿಕ್ಕಿತು. ಯಾವುದೋ ಹೊಸ ಹಕ್ಕಿ ಬಂದಿದೆಯೆಂದು ಕುಣಿಯುತ್ತ ಸುಮಿತ್ರಾಳನ್ನು ಕೂಗಿದೆ, ಚಾಂದಬಿಯವರನ್ನೂ ಕೂಗಿದೆ. ಸುಮಿತ್ರಾ ಅಂಗಿಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಮೂಸಿಯೂ ನೋಡಿದಳು.

“ನಿನ್ನಿ ನೀವು ಉಣ್ಣೋವಾಗ ಚೆಲ್ಕೊಂಡ ಪುಂಡಿಪಲ್ಯಾ ರಿ ಇದು.”