ನಿಲ್ಲದ ಕಾರಿನಲ್ಲಿ ಮುತ್ತತ್ತಿ ಯಾತ್ರೆ

ಡೀಸೆಲ್ ಎಂಜಿನ್ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಳನೇ ಕ್ಲಾಸಿಗೇ ಪುಸ್ತಕ ಕೆಳಗಿಟ್ಟು ಆಲೆಮನೆಗೆ ಹೋದವನು ನಾನು. ಅಂದಿನಿಂದ ಕಬ್ಬು ಅರೆಯುವ ಗಾಣದ ಎಂಜಿನ್ನೇ ನನ್ನ ಮೇಷ್ಟ್ರು. ಈಗ ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆ ಪಕ್ಕದಲ್ಲಿ ನನ್ನದೇ ಆಲೆಮನೆಯಿದೆ. ಅಲ್ಲಿ ಎಂಜಿನ್ ಒಮ್ಮೆ ಕೆಮ್ಮಿದರೆ ಸಾಕು, ಯಾವ ನಟ್ಟು ಸಡಿಲವಾಗಿದೆಯೆಂದು ಮನೆಯಲ್ಲಿ ಊಟಕ್ಕೆ ಕೂತೇ ಹೇಳಬಲ್ಲೆ.

ಇಂಥ ನನಗೆ, ಬೆಲ್ಲದ ಗೋದಾಮಿನ ಪಕ್ಕ ವರ್ಷಗಟ್ಟಲೆ ಮಲಗಿದ್ದ ದುಂಡು ಮೂಗಿನ ಡೀಸೆಲ್ ಕಾರನ್ನು ಎಬ್ಬಿಸುವುದು ಯಾವ ಮಹಾ ಕೆಲಸ?

ಎಬ್ಬಿಸಲು ಕಾರಣ ನಮ್ಮ ತಾಯಮ್ಮಕ್ಕ. ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತಲಾರಳು, ಬೈಕಿನಲ್ಲಿ ಕೂರಲಾರಳು. "ಒಂದ್ಸಲ ಮುತ್ತತ್ತಿ ಆಂಜನೇಯನ ಮುಂದೆ ಒಂದ್ ಗಳಿಗೆ ಸುಮ್ನೆ ಕೂತಿದ್ದು ಬರ್ಬೇಕು ಕಣ್ಲಾ, ಅಷ್ಟೇ ಆಸೆ" ಅಂದಳು. ನನ್ನ ಮೊದಲ ಮುಡಿ ಕೊಡಿಸಲು ಅಲ್ಲಿಗೆ ನನ್ನನ್ನು ಸೊಂಟದ ಮೇಲೆ ಹೊತ್ತು ನಡೆದವಳು ಅವಳು. ಈಗ ನನ್ನ ಸರದಿ.

"ಶನಿವಾರಕ್ಕೆ ಒಂದು ಬಾಡ್ಗೆ ಕಾರ್ ಕರೀರಿ, ಆರಾಮಾಗಿ ಓಗ್ಬರಾನ" ಎಂದಳು ನನ್ನ ಹೆಂಡತಿ ಜಯಮ್ಮ.

"ಮನೇಲಿ ಸ್ವಂತ ಕಾರಿಟ್ಕೊಂಡು ಬಾಡ್ಗೆ ಕಾರಾ? ಜನ ಏನಂದಾರು!"

"ಅದು ಕಾರಲ್ಲ, ಕೋಳಿಗೂಡು. ಇಂದ್ಗಡೆ ಸೀಟಲ್ಲಿ ಮೊಟ್ಟೆ ಐತೆ, ನೋಡ್ಕೊಂಡ್ ಬಂದು ಮಾತಾಡಿ."

ನೋಡಿದೆ. ಇತ್ತು.

ಮೊಟ್ಟೆಗೂ ಎಂಜಿನ್ನಿಗೂ ಯಾವುದೇ ಸಂಬಂಧವಿಲ್ಲವೆಂದು ಘೋಷಿಸಿ ಕೆಲಸಕ್ಕಿಳಿದೆ. ಟ್ಯಾಂಕಿನಿಂದ ಇಳಿದದ್ದು ಡೀಸೆಲ್ಲೋ ಕಾಕಂಬಿಯೋ ಎಂದು ನೊಣಗಳಿಗೂ ಗೊಂದಲವಾಯಿತು. ಮಂಡ್ಯಕ್ಕೆ ಹೋಗಿ ಹೊಸ ಫಿಲ್ಟರ್ ತಂದೆ. ಅದಕ್ಕೆ ಹೊಂದುವ ಪೈಪಿಗಾಗಿ ಮದ್ದೂರಿನ ಅಂಗಡಿಗಳನ್ನೆಲ್ಲ ಜಾಲಾಡಿದೆ. ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು, ಆಯಿಲ್ ಬದಲಿಸಿ, ಮೈಯೆಲ್ಲ ಮಸಿಯಾಗಿ ಎದ್ದು ನಿಂತಾಗ ನನಗೇ ನನ್ನ ಮೇಲೆ ಗೌರವ ಬಂತು.

ಪಕ್ಕದ ಮನೆಯ ಸಿದ್ದೇಗೌಡ ಬೇಲಿಯಾಚೆಯಿಂದ ಇಣುಕಿದ. ಲಾರಿ ಓಡಿಸಿ ಓಡಿಸಿ ಸಾಕಾಗಿ ಈಗ ಹಸು ಕಟ್ಟಿಕೊಂಡಿರುವ ಗೆಳೆಯ.

"ಲೇ, ಬ್ಯಾಟ್ರಿ ಸತ್ತದೆ. ಒಸದು ತಂದ್ ಆಕ್ಲಾ."

"ಆಲೆಮನೆ ಎಂಜಿನ್ಗೆ ಬ್ಯಾಟ್ರಿ ಐತೇನ್ಲಾ? ಡೀಸೆಲ್ಗೆ ಬೇಕಾಗಿರೋದು ತೋಳು!"

"ನಿಲ್ಸೋ ಬಾಬ್ತು ಎಲ್ಲಾ ಸರ್ಯಾಗಿ ನೋಡ್ದಾ?"

"ಮೊದ್ಲು ಓಡ್ಲಿ ಬುಡ್ಲಾ. ನಿಲ್ಸೋದು ಆಮೇಲ್ ನೋಡಾನ."

ಇದು ಉಡಾಫೆಯಲ್ಲ, ನಮ್ಮ ವೃತ್ತಿಧರ್ಮ. ಆಲೆಮನೆಯಲ್ಲಿ ಚಿಂತೆಯೆಲ್ಲ ಎಂಜಿನ್ ಹತ್ತುವುದರ ಬಗ್ಗೆ. ಅದು ನಿಂತರೆ ಕಡಿದ ಕಬ್ಬು ಒಣಗುತ್ತದೆ, ಕೊಪ್ಪರಿಗೆ ತಣ್ಣಗಾಗುತ್ತದೆ, ಆಳುಗಳು ಬೀಡಿ ಹಚ್ಚುತ್ತಾರೆ. ನಿಲ್ಲಿಸುವುದು ಹೇಗೆಂದು ಯೋಚಿಸುವವನು ಕೆಲಸಗಾರನೇ ಅಲ್ಲ!

ಶನಿವಾರ ಬೆಳಿಗ್ಗೆ ಆಲೆಮನೆಯ ಆಳುಗಳು ಇಳಿಜಾರಿನಲ್ಲಿ ಕಾರು ತಳ್ಳಿದರು. ಕಾರು ಕೆಮ್ಮಿತು, ಕುಪ್ಪಳಿಸಿತು, ಹತ್ತಿಕೊಂಡೇಬಿಟ್ಟಿತು! ತಳ್ಳಿದವರು ಹೊಗೆಯಲ್ಲಿ ಕಾಣೆಯಾದರು. ಎಲ್ಲರಿಗೂ ಟೀ ಕುಡಿಸೋಣವೆಂದು ಕಾರು ನಿಲ್ಲಿಸಹೋದೆ. ಆ ಕಾಲದ ಆ ಕಾರಿನಲ್ಲಿ ಕೀಲಿ ತಿರುಗಿಸಿದರೆ ಎಂಜಿನ್ ಆರುವುದಿಲ್ಲ, ಮುಂದಿರುವ ಒಂದು ಗುಂಡಿ ಹಿಡಿದು ಎಳೆಯಬೇಕು.

ಎಳೆದೆ. ಗುಂಡಿ ಬಂತು. ಅದರ ಹಿಂದೆ ತುಕ್ಕು ಹಿಡಿದ ತಂತಿಯೂ ಬಂತು. ಎಂಜಿನ್ ಮಾತ್ರ ತನ್ನ ಪಾಡಿಗೆ ತಾನು ಗುಡುಗುತ್ತಲೇ ಇತ್ತು.

"ಟಾಪ್ ಗೇರ್ಗೆ ಆಕಿ, ಬ್ರೇಕ್ ತುಳ್ದು, ಕ್ಲಚ್ ಬುಡ್ಲಾ. ಉಸ್ರು ಕಟ್ಟಿ ಸಾಯ್ತದೆ!" ಸಿದ್ದೇಗೌಡ ಕಿರುಚಿದ.

"ಸತ್ತದ್ದು ಮತ್ತೆ ಏಳ್ದಿದ್ರೆ? ಅಕ್ಕನ್ನ ನೀನು ಎತ್ಕೊಂಡು ಓಯ್ತೀಯಾ?"

ಮನೆಗೆ ಮರಳುವ ತನಕ ಎಂಜಿನ್ ಆರಿಸತಕ್ಕದ್ದಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಅಕ್ಕ ಮುಂದೆ ಕೂತಳು, ಜಯಮ್ಮ ಹಿಂದೆ. ದಾರಿಯಲ್ಲಿ ಅಕ್ಕನ ಬಾಯಿ ಆಡುತ್ತಿತ್ತು, ನನಗೇನೂ ಕೇಳುತ್ತಿರಲಿಲ್ಲ. ಹಲಗೂರು ದಾಟುವಷ್ಟರಲ್ಲಿ ಅವಳು ಮಾತು ನಿಲ್ಲಿಸಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡು ಓಡಿ ಬಂದ. "ಬೆಂಕಿ ಬಿತ್ತು ಅಂದ್ಕೊಂಡೆ ಕಣ್ರೀ! ಎಂಜಿನ್ ಆಫ್ ಮಾಡಿ."

"ಸಾಧ್ಯವಿಲ್ಲ ಸಾರ್."

"ಆಫ್ ಮಾಡ್ರೀ ಅಂದ್ರೆ!"

ನಾನು ಗುಂಡಿಯನ್ನು ತಂತಿ ಸಮೇತ ಕಿಟಕಿಯಿಂದಾಚೆ ಹಿಡಿದು ಸಾಕ್ಷ್ಯ ಒದಗಿಸಿದೆ. ಅವನು ಗುಂಡಿ ನೋಡಿದ, ಹೊಗೆ ನೋಡಿದ. "ಕಾಡಲ್ಲಿ ಎಲ್ಲೂ ಗಾಡಿ ನಿಲ್ಲಿಸ್ಬೇಡಿ ಅಂತ ಎಲ್ರಿಗೂ ಏಳ್ತೀನಿ. ನಿಮ್ಗೆ ಏಳೋ ಅಗತ್ಯಾನೇ ಇಲ್ಲ. ಓಗಿ!"

ಮುತ್ತತ್ತಿ ತಲುಪಿದೆವು. ಅಕ್ಕನ ಕೈ ಹಿಡಿದು ದೇವರ ಮುಂದೆ ಕೂರಿಸಬೇಕೆಂಬುದು ನನ್ನ ಆಸೆಯಾಗಿತ್ತು. ಆದರೆ ಕೈಬ್ರೇಕಿಲ್ಲದ, ಗುಡುಗುವ ಕಾರನ್ನು ಬಿಟ್ಟು ಇಳಿಯುವುದೆಲ್ಲಿ? ಜಯಮ್ಮ ಅವಳನ್ನು ಮೆಲ್ಲಗೆ ನಡೆಸಿಕೊಂಡು ಹೋದಳು. ನಾನು ಬ್ರೇಕ್ ತುಳಿದು ಕೂತೆ. ಕಂಡ ಕಂಡ ಕಾರಿನ ಮೇಲೆಲ್ಲ ಹತ್ತುವ ಕೋತಿಗಳು ನನ್ನ ಕಾರಿನ ಹತ್ತಿರವೂ ಸುಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಜಯಮ್ಮ ಒಬ್ಬಳೇ ವಾಪಸು ಬಂದಳು. "ರೀ, ಪೂಜಾರ್ರು ಗಂಟೆ ಅಲ್ಲಾಡ್ಸೋದು ಕಾಣ್ತದೆ, ಸದ್ದೇ ಕೇಳಾಕಿಲ್ಲ. ಅಕ್ಕ ಕಣ್ಮುಚ್ಚಿ ಕೂತವ್ರೆ. ಕಣ್ಮುಚ್ಚುದ್ರೆ ಆಂಜನೇಯ ಬರಾಕಿಲ್ವಂತೆ, ನಿಮ್ ಆಲೆಮನೆ ಬತ್ತದಂತೆ!"

ನಗು ಬರಬೇಕಿತ್ತು. ಬರಲಿಲ್ಲ. ಅಕ್ಕ ಕೇಳಿದ್ದು ಕಾರನ್ನಲ್ಲ. ಒಂದು ಗಳಿಗೆ ಸುಮ್ಮನೆ ಕೂರುವುದನ್ನು. ನಾನು ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಹೊತ್ತು ತಂದಿದ್ದೆ. ಅವಳನ್ನು ನೆನೆದರೆ ಪಾಪ ಅನ್ನಿಸಿತು, ನನ್ನನ್ನು ನೋಡಿಕೊಂಡರೆ ಇನ್ನೂ ಪಾಪ.

ಟಾಪ್ ಗೇರಿಗೆ ಹಾಕಿದೆ. ಬ್ರೇಕ್ ಒತ್ತಿ ತುಳಿದೆ. ಕ್ಲಚ್ ಬಿಟ್ಟೆ. ಕಾರು ಒಮ್ಮೆ ನಡುಗಿ ಸತ್ತಿತು.

ಆಮೇಲೆ ಗಂಟೆ ಕೇಳಿತು. ಅದರ ಹಿಂದೆ, ಕಲ್ಲುಗಳ ಮೇಲೆ ಹರಿಯುವ ಕಾವೇರಿ. ಅಷ್ಟು ಹೊತ್ತು ನದಿ ಅಲ್ಲೇ ಇತ್ತು! ನಾನು ಇಳಿದು ಹೋಗಿ ಅಕ್ಕನ ಪಕ್ಕ ಕೂತೆ. ಅವಳು ಕಣ್ಣು ತೆರೆಯಲಿಲ್ಲ, ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಕೂತಿದ್ದೆವು.

ಎದ್ದ ಮೇಲೆ ಉಳಿದದ್ದು ಕಾರು. ಭಕ್ತಾದಿಗಳು ಆಂಜನೇಯನಿಗೆ ಜೈಕಾರ ಹಾಕಿ ತಳ್ಳಿದರು. ಮರಳಲ್ಲಿ ಚಕ್ರ ಹೂತುಹೋಯಿತು, ಕಾರು ಹತ್ತಲಿಲ್ಲ. ಕೊನೆಗೆ, ಪೂಜೆ ಮಾಡಿಸಲು ಬಂದಿದ್ದ ಹೊಸ ಟ್ರಾಕ್ಟರಿನವನೊಬ್ಬ ಉದ್ದನೆಯ ಹಗ್ಗ ಕಟ್ಟಿದ. "ನಮ್ದೂ ನಿಮ್ ಕಡೇನೇ. ನ್ಯೂಟ್ರಲ್ನಲ್ಲಿ ಬತ್ತಾ ಇರಿ ಯಜಮಾನ್ರೇ. ಒಳ್ಳೆ ರಸ್ತೆ ಸಿಕ್ಮೇಲೆ ಏಳ್ತೀನಿ, ಗೇರ್ಗೆ ಆಕಿ. ಅತ್ಕೊಳ್ತದೆ."

ಹೊರಟೆವು. ಕಾರು ತೊಟ್ಟಿಲಂತೆ ತೂಗುತ್ತ ಕಾಡಿನೊಳಗೆ ಸಾಗಿತು. ಕಿಟಕಿಯಿಂದ ತಣ್ಣನೆ ಗಾಳಿ. ಅಕ್ಕ ಮರಗಳ ಹೆಸರು ಹೇಳಿದಳು, ನೆಂಟರ ಜಗಳ ಹೇಳಿದಳು, ಮೊಮ್ಮಗಳ ತುಂಟಾಟ ಹೇಳಿ ತಾನೇ ನಕ್ಕಳು. ಎಷ್ಟೋ ಕಾಲದ ಮೇಲೆ ಅವಳ ಮಾತನ್ನು ನಾನು ಪೂರ್ತಿ ಕೇಳಿದ್ದೆ.

"ಏನ್ ಚೆಂದಾಗಿ ಓಯ್ತದ್ಲಾ ನಿನ್ ಕಾರು! ಬರೋವಾಗ್ಲೂ ಯಾರಾದ್ರೂ ಇಂಗೇ ಎಳ್ಕೊಂಡ್ ಬಂದಿದ್ರೆ ಆಗ್ತಿತ್ತು" ಎಂದಳು.

ಅಷ್ಟರಲ್ಲಿ ಮುಂದಿನಿಂದ ಕೂಗು ಬಂತು. "ಯಜಮಾನ್ರೇ, ಒಳ್ಳೆ ರಸ್ತೆ ಬಂತು! ಗೇರ್ಗಾಕಿ!"

ನನ್ನ ಕೈ ಗೇರಿನ ತನಕ ಹೋಯಿತು. ವಾಪಸು ಬಂತು.

"ಎಂಜಿನ್ ಕೂತೋಗೈತೆ ಕಣಪ್ಪೋ! ಅತ್ತಾಕಿಲ್ಲ!"

"ನೀವು ನೋಡ್ಲೇ ಇಲ್ವಲ್ರೀ?" ಎಂದಳು ಜಯಮ್ಮ ಹಿಂದಿನಿಂದ.

"ನೀನ್ ಸುಮ್ನಿರಮ್ಮಿ."

ಹೀಗೆ ಡೀಸೆಲ್ ಪಂಡಿತನಾದ ನಾನು ಹೂಮಾಲೆ ಹಾಕಿಕೊಂಡ ಟ್ರಾಕ್ಟರಿನ ಹಿಂದೆ, ನ್ಯೂಟ್ರಲ್‌ನಲ್ಲಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಊರು ಪ್ರವೇಶಿಸಿದೆ. ಕೇಳಿದವರಿಗೆಲ್ಲ ಎಂಜಿನ್ ಕೈಕೊಟ್ಟಿತೆಂದೇ ಹೇಳಿದೆ. ಪಾಪ, ಎಂಜಿನ್ನಿಗೆ ಬಾಯಿ ತೆರೆಯಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ!